ಅಂಗಿಯ ಕಾಲರಿಗೆ ಸಿಕ್ಕಿಸಿದ ಮೈಕು

ನನ್ನ ಕೈಲಿ ಸಿನಿಮಾ ಆಗುವುದಿಲ್ಲ ಎಂದವರು ನನ್ನ ಸೋದರಮಾವ. ಹೊರಗಿನವರು ಯಾರಾದರೂ ಅಂದಿದ್ದರೆ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಆದರೆ ಮಾವ ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಹತ್ತಿರ ಸ್ಟುಡಿಯೊ ಇಟ್ಟುಕೊಂಡವರು. ಸುತ್ತಲ ಊರುಗಳ ಮದುವೆ, ನಾಮಕರಣ, ಗೃಹಪ್ರವೇಶ ಎಲ್ಲವನ್ನೂ ಹೆಗಲ ಮೇಲಿನ ಕ್ಯಾಮೆರಾದಲ್ಲಿ ಹಿಡಿದವರು. ಕ್ಯಾಮೆರಾ ವಿಚಾರಕ್ಕೆ ಬಂದರೆ ನಮ್ಮ ಕಡೆ ಅವರ ಮಾತೇ ಕೊನೆ.

ಅವತ್ತು ಹಂಗಳದ ನಮ್ಮ ಮನೆಯ ಜಗಲಿಯಲ್ಲಿ ಕಾಫಿ ಕುಡಿಯುತ್ತ, ನನ್ನ ಮುಖ ನೋಡದೆ ಅವ್ವನಿಗೆ ಹೇಳಿದರು: "ಅಕ್ಕಾ, ನಿನ್ ಮಗ್ಳು ಫೋನಲ್ಲಿ ಸಿನ್ಮಾ ತೆಗೀತಾಳಂತೆ. ಈಳಿಗೆಮಣೇಲಿ ಮರ ಕುಯ್ಯಕ್ಕಾದದಾ? ಈ ಜನ್ಮದಲ್ಲಿ ಆಗೋ ಮಾತಲ್ಲ ಬುಡು."

"ಆಗ್ದೆ ಇದ್ರೆ ಡಿಗ್ರಿ ಕೊಡಕಿಲ್ವಂತೆ ಕಣ್ಲಾ," ಅಂದಳು ಅವ್ವ.

"ಅದ್ಕೇ ಏಳ್ತಿರೋದು. ನಾನೇ ತೆಗ್ದು ಕೊಟ್ಬುಡ್ತೀನಿ. ಇವ್ಳು ಎಸ್ರು ಆಕ್ಕಂಡ್ರೆ ಆಯ್ತು."

ಮಾವ ಕೆಟ್ಟವರಲ್ಲ. ಸಹಾಯ ಮಾಡಲೆಂದೇ ಅಂದದ್ದು. ಆದರೆ ಆ ಸಹಾಯ ತೆಗೆದುಕೊಂಡರೆ ನನ್ನ ಡಿಗ್ರಿ ಡಿಗ್ರಿಯಾಗಿ ಉಳಿಯುತ್ತಿರಲಿಲ್ಲ. ನಾನು ಚಾಮರಾಜನಗರದ ಕಾಲೇಜಿನಲ್ಲಿ ಪತ್ರಿಕೋದ್ಯಮ ಓದುತ್ತಿದ್ದೆ, ಕೊನೆಯ ಸೆಮಿಸ್ಟರು. ಪ್ರತಿಯೊಬ್ಬರೂ ಸ್ವಂತ ಕೈಯಿಂದ ಒಂದು ಕಿರುಚಿತ್ರ ಮಾಡಿ ಒಪ್ಪಿಸಬೇಕಿತ್ತು. ನಟರಿರಬಾರದು. ನಿಜವಾದ ಜನ, ನಿಜವಾದ ಕೆಲಸ. ಒಪ್ಪಿಸದಿದ್ದರೆ ಫೇಲು. ಮುಂದಿನ ವರ್ಷ ಇನ್ನೊಂದು ಸಲ ಬರೆಯುತ್ತೇನೆ ಅನ್ನುವ ಮಾತು ನಮ್ಮ ಮನೆಯಲ್ಲಿ ಇರಲಿಲ್ಲ. ಅಪ್ಪ ನಾಲ್ಕನೇ ತರಗತಿ, ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನಮ್ಮ ವಂಶದಲ್ಲಿ ಕಾಲೇಜಿನವರೆಗೆ ಬಂದವಳು ನಾನೊಬ್ಬಳೇ. ಬೆಳಿಗ್ಗೆ ಹಂಗಳದಿಂದ ಗುಂಡ್ಲುಪೇಟೆಗೆ ಒಂದು ಬಸ್ಸು, ಅಲ್ಲಿಂದ ತೆರಕಣಾಂಬಿ ಮೇಲೆ ಚಾಮರಾಜನಗರಕ್ಕೆ ಇನ್ನೊಂದು, ಸಂಜೆ ಅದೇ ದಾರಿ ವಾಪಸ್ಸು. "ಈ ವರ್ಷ ಕಳೀಲಿ, ಆಮೇಲೆ ಮದ್ವೆ ಮಾತು," ಎಂದು ಅಪ್ಪ ನೆಂಟರಿಗೆಲ್ಲ ಹೇಳಿಯಾಗಿತ್ತು. ನಾನು ಫೇಲಾದರೆ ಆ ಬಸ್ಸು ಮತ್ತೆ ಹತ್ತುವುದಿಲ್ಲ ಎಂದು ನನಗೂ ಗೊತ್ತು, ಅವ್ವನಿಗೂ ಗೊತ್ತು.

ಕಾಲೇಜಿನಲ್ಲಿದ್ದದ್ದು ಒಂದೇ ಕ್ಯಾಮೆರಾ. ಅದರ ಬ್ಯಾಟರಿ ಹಪ್ಪಳದಂತೆ ಉಬ್ಬಿಕೊಂಡಿತ್ತು. ತರಗತಿಯ ಹುಡುಗರು ಗುಂಪು ಕಟ್ಟಿಕೊಂಡು ಮೈಸೂರಿನಿಂದ ಬಾಡಿಗೆಗೆ ತರಿಸಿದರು. ನನಗೆ ಬಾಡಿಗೆ ಕೊಡುವ ಶಕ್ತಿ ಇರಲಿಲ್ಲ. ಇದ್ದಿದ್ದರೂ ಅಷ್ಟು ಬೆಲೆಬಾಳುವ ಸಾಮಾನನ್ನು ಕೊರಳಿಗೆ ಹಾಕಿಕೊಂಡು ಹಂಗಳದ ಬಸ್ಸಿನಲ್ಲಿ ಒಂಟಿಕಾಲಲ್ಲಿ ನಿಂತು ಬರುವ ಧೈರ್ಯ ಇರಲಿಲ್ಲ.

ಹಾಗಾಗಿ ನಾನು ಮೊದಲು ಮಾಡಿದ್ದು ಒಂದೇ ಕೆಲಸ. ಹಿಂದಿನ ವರ್ಷಗಳ ವಿದ್ಯಾರ್ಥಿಗಳು ಮಾಡಿದ ಚಿತ್ರಗಳನ್ನು ಕಾಲೇಜಿನ ಲ್ಯಾಬಿನಲ್ಲಿ ಊಟದ ಹೊತ್ತಿನಲ್ಲಿ ಕೂತು ಒಂದೊಂದಾಗಿ ನೋಡಿದೆ. ಕೆಲವು ಬಾಡಿಗೆ ಕ್ಯಾಮೆರಾದವು, ಕೆಲವು ಫೋನಿನವು. ನೋಡುತ್ತ ನೋಡುತ್ತ ನನಗೇ ಒಂದು ವಿಷಯ ತಿಳಿಯಿತು. ಚಿತ್ರ ಸ್ವಲ್ಪ ಮಸುಕಾಗಿದ್ದರೆ ನಾನು ಎರಡು ನಿಮಿಷದಲ್ಲಿ ಮರೆತುಬಿಡುತ್ತಿದ್ದೆ. ಮಾತು ಕೇಳಿಸದಿದ್ದರೆ ಮಾತ್ರ ಡಬ್ಬಿಯ ಅನ್ನದ ಕಡೆ ಗಮನ ಹೋಗುತ್ತಿತ್ತು. ಎಷ್ಟೋ ಒಳ್ಳೆಯ ಚಿತ್ರಗಳು ಗಾಳಿಯ ಬುರ್ರೋ ಸದ್ದಿನಲ್ಲಿ ಮುಳುಗಿಹೋಗಿದ್ದವು. ಯಾರೋ ಮುದುಕಿ ಕಣ್ಣೀರು ಹಾಕುತ್ತ ಏನೋ ಹೇಳುತ್ತಾಳೆ, ಏನೆಂದು ಇವತ್ತಿಗೂ ಗೊತ್ತಿಲ್ಲ.

ಈಗಲೂ ಯಾರಾದರೂ ನನ್ನನ್ನು ಕೇಳಿದರೆ ಅದನ್ನೇ ಹೇಳುತ್ತೇನೆ. ಕೈಯಲ್ಲಿರುವ ಫೋನೇ ಕ್ಯಾಮೆರಾ. ಕಾಸು ಇದ್ದರೆ ಮೊದಲು ಕಿವಿಗೆ ಹಾಕಿ, ಆಮೇಲೆ ಕಾಲಿಗೆ, ಕಣ್ಣಿಗೆ ಕಡೆಗೆ. ಕಿವಿ ಅಂದರೆ ಮೈಕು, ಕಾಲು ಅಂದರೆ ಟ್ರೈಪಾಡು.

ವಿದ್ಯಾರ್ಥಿವೇತನದಲ್ಲಿ ಉಳಿದದ್ದನ್ನು ಹಿಡಿದುಕೊಂಡು ಚಾಮರಾಜನಗರದ ಒಂದು ಮೊಬೈಲ್ ಅಂಗಡಿಗೆ ಹೋದೆ. ಅಂಗಿಗೆ ಸಿಕ್ಕಿಸುವ, ಉದ್ದ ವೈರಿನ ಪುಟ್ಟ ಮೈಕು ಒಂದು ತೆಗೆದುಕೊಂಡೆ. ವೈರಿಲ್ಲದ್ದು ಚೆಂದವಾಗಿತ್ತು, ಆದರೆ ಅದಕ್ಕೂ ದಿನಾ ಚಾರ್ಜು ಹಾಕಬೇಕು, ನಮ್ಮೂರ ಕರೆಂಟನ್ನು ನಂಬಿ ಆಗುವುದಿಲ್ಲ. ಒಂದು ದೊಡ್ಡ ಮೆಮೊರಿ ಕಾರ್ಡಿನ ಬದಲು ಚಿಕ್ಕವು ಎರಡು ಕೊಂಡೆ, ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು. ಆಮೇಲೆ ಟ್ರೈಪಾಡುಗಳನ್ನು ಒಂದೊಂದಾಗಿ ಬಿಡಿಸಿ ನಿಲ್ಲಿಸಿ, ಬೆರಳಲ್ಲಿ ತಳ್ಳಿ, ಕಾಲು ಅಲ್ಲಾಡಿಸಿ ನೋಡತೊಡಗಿದೆ.

ಅಂಗಡಿಯವರಿಗೆ ನಗು ಬಂತು. "ಏನವ್ವಾ, ಸಂತೇಲಿ ಎತ್ತಿನ ಹಲ್ಲು ನೋಡ್ದಂಗೆ ನೋಡ್ತಿದ್ದೀಯ?"

"ನಮ್ಮೂರಲ್ಲಿ ಗಾಳಿ ಜಾಸ್ತಿ ಅಣ್ಣ. ಇದು ನಿಲ್ಲೋದಿಲ್ಲ, ಮಲಗ್ತದೆ."

"ಅಂಗಾದ್ರೆ ಈ ರಿಂಗ್ ಲೈಟ್ ತಕೋ. ಮುಖ ಬೆಳ್ಳಗೆ ಕಾಣ್ತದೆ."

"ನಮ್ಮವ್ವನ ಮುಖ ಇರೋ ಹಂಗೇ ಕಾಣ್ಲಿ ಅಣ್ಣ," ಅಂದೆ. ಅವರು ಒಳಗಿನಿಂದ ಹಳೇ ಸ್ಟಾಕಿನ, ದಪ್ಪ ಕಾಲಿನ ಒಂದು ಟ್ರೈಪಾಡು ತಂದು ಕೊಟ್ಟರು. ಬಣ್ಣ ಹೋಗಿತ್ತು, ಜಗ್ಗಿದರೆ ಜಗ್ಗಲಿಲ್ಲ. ಅದೇ ಬೇಕಾಗಿದ್ದದ್ದು.

ಮೈಕನ್ನು ಸೀದಾ ನನ್ನ ಫೋನಿಗೆ ಚುಚ್ಚಿದರೆ ಜನ ಫೋನಿನ ಹತ್ತಿರವೇ ನಿಂತಿರಬೇಕು. ಅದಕ್ಕೂ ದಾರಿ ಇತ್ತು. ಅಪ್ಪನ ಹಳೆಯ ಫೋನು, ಗಾಜು ಒಡೆದು ಗೋಡೆಯ ಗೂಡಿನಲ್ಲಿ ಬಿದ್ದಿತ್ತು. ಮಾತಾಡಲು ಬಾರದಿದ್ದರೂ ಸದ್ದು ರೆಕಾರ್ಡು ಮಾಡುತ್ತಿತ್ತು. ಅದಕ್ಕೆ ಮೈಕು ಸಿಕ್ಕಿಸಿ ಮಾತಾಡುವವರ ಜೇಬಿಗೆ ಹಾಕಿಬಿಟ್ಟರೆ ಅವರು ಎಷ್ಟು ದೂರ ಹೋದರೂ ದನಿ ಹತ್ತಿರ. ಚಿತ್ರ ಒಂದು ಫೋನಿನಲ್ಲಿ, ಸದ್ದು ಒಂದು ಫೋನಿನಲ್ಲಿ. ಎರಡನ್ನೂ ಆಮೇಲೆ ಕೂಡಿಸಲು ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಸಾಕು. ಚಪ್ಪಾಳೆಗೆ ಚಪ್ಪಾಳೆ ಹೊಂದಿಸುವುದು.

ನನ್ನ ಚಿತ್ರ ಚೆಂಡುಹೂವು ಕೀಳುವ ಹೆಂಗಸರದು. ಆಷಾಢ, ಶ್ರಾವಣದಲ್ಲಿ ಹಂಗಳದ ಸುತ್ತ ಹೊಲವೆಲ್ಲ ಕಿತ್ತಳೆ ಬಣ್ಣ. ಅವ್ವ ಅದೇ ಕೂಲಿಗೆ ಹೋಗುತ್ತಾಳೆ. ಗಿಡದ ಕಾಂಡ ತರಚಬಾರದೆಂದು, ಬಿಸಿಲಿಗೆಂದು, ಹೆಂಗಸರೆಲ್ಲ ಸೀರೆಯ ಮೇಲೆ ಗಂಡಂದಿರ ಹಳೇ ತುಂಬುತೋಳಿನ ಅಂಗಿ ಹಾಕಿಕೊಳ್ಳುತ್ತಾರೆ. ಸೀರೆಯಲ್ಲಿ ಮೈಕು ಸಿಕ್ಕಿಸಲು ಜಾಗವಿಲ್ಲ. ಅಂಗಿಗೆ ಕಾಲರೂ ಉಂಟು, ಜೇಬೂ ಉಂಟು. ನನಗೆ ಬೇಕಾದ್ದೆಲ್ಲ ಆ ಅಂಗಿಯಲ್ಲೇ ಇತ್ತು.

ಇಷ್ಟೆಲ್ಲ ಲೆಕ್ಕ ಹಾಕಿದವಳು ಒಂದು ಪೆದ್ದು ಕೆಲಸ ಮಾಡಿದೆ. ಹಿಂದಿನ ಸಂಜೆ ಬೀದಿಯಲ್ಲಿ ಎಲ್ಲರಿಗೂ, "ನಾಳೆ ಶೂಟಿಂಗು, ಬನ್ನಿ," ಎಂದು ಹೇಳಿಕೊಂಡು ಬಂದೆ.

ಬೆಳಿಗ್ಗೆ ಹೊಲಕ್ಕೆ ಹೋದರೆ ಬದುವಿನ ಮೇಲೆ ಮದುವೆಮನೆ ನಿಂತಿದೆ. ರೇಷ್ಮೆ ಸೀರೆ, ಮುಖಕ್ಕೆ ಪೌಡರು, ತಲೆತುಂಬ ಕನಕಾಂಬರ. ಒಬ್ಬರ ಮೈಮೇಲೂ ಅಂಗಿ ಇಲ್ಲ. ಅವ್ವ ತನ್ನ ಧಾರೆ ಸೀರೆ ಉಟ್ಟು ಕುಕ್ಕೆ ಹಿಡಿದಿದ್ದಾಳೆ.

"ಇದೇನವ್ವಾ, ಯಾರ ಮದ್ವೆ?" ಅಂದೆ.

ನಮ್ಮ ಬೀದಿಯ ದೊಡ್ಡಮ್ಮ, ಆ ಗುಂಪಿನಲ್ಲೆಲ್ಲ ಬಾಯಿ ಜೋರಿನವಳು, ಸೆರಗು ಸರಿಮಾಡಿಕೊಂಡಳು. "ನೀನೇ ತಾನೆ ಕಣಮ್ಮಿ ಶೂಟಿಂಗು ಅಂದಿದ್ದು? ಅರ್ದೋದ ಅಂಗಿ ಆಕ್ಕಂಡು ವೀಡಿಯಕ್ಕೆ ನಿಂತ್ಕಬೇಕಿತ್ತಾ? ನಮ್ಗೂ ಮರ್ವಾದೆ ಇಲ್ವಾ?"

ತಪ್ಪು ಅವರದಲ್ಲ. ನಮ್ಮ ಕಡೆ ವೀಡಿಯೊ ಕ್ಯಾಮೆರಾ ಬರುವುದು ಮದುವೆಗೆ. ಅದು ತಮ್ಮ ಕಡೆ ತಿರುಗಿದರೆ ಏನು ಮಾಡಬೇಕೆಂದು ನಮ್ಮ ಮಾವನೇ ಊರಿಗೆಲ್ಲ ಕಲಿಸಿಬಿಟ್ಟಿದ್ದಾರೆ. ನಾನು ಟ್ರೈಪಾಡು ನಿಲ್ಲಿಸಿದ್ದೇ ತಡ, ಎತ್ತರದವರು ಹಿಂದೆ, ಕುಳ್ಳಗಿನವರು ಮುಂದೆ, ಕೈ ಇಳಿಬಿಟ್ಟು, ಕಣ್ಣು ಮಿಟುಕಿಸದೆ ಸಾಲಾಗಿ ನಿಂತರು. "ಹೂವ ಕೀಳಿ," ಅಂದೆ. ಒಬ್ಬೊಬ್ಬರು ಒಂದೊಂದು ಹೂವು ಕಿತ್ತು ಕ್ಯಾಮೆರಾಗೆ ತೋರಿಸಿ ಹಾಗೇ ಹಿಡಿದುಕೊಂಡರು. "ಮಾತಾಡಿ," ಅಂದೆ. ಎಲ್ಲರೂ ನಕ್ಕರು. ರಸ್ತೆಯಲ್ಲಿ ಹೋಗುತ್ತಿದ್ದ ತಾತನೊಬ್ಬ ಟ್ರೈಪಾಡು ನೋಡಿ ಸೈಕಲ್ ನಿಲ್ಲಿಸಿ, "ಸರ್ವೆನಾ ಮಗಾ? ರೋಡು ನಮ್ ಮನೆವರ್ಗೂ ಬತ್ತದಾ?" ಎಂದು ಕೇಳಿದ.

ಅಷ್ಟರಲ್ಲಿ ಹೊಲದ ಯಜಮಾನರು ಬೈಕಿನಲ್ಲಿ ಬಂದರು. ಖಾಲಿ ಕುಕ್ಕೆಗಳನ್ನು ನೋಡಿದರು, ರೇಷ್ಮೆ ಸೀರೆಗಳನ್ನು ನೋಡಿದರು. "ಇವತ್ತು ಊವ ಕೀಳ್ತೀರೋ ಇಲ್ಲಾ ಮದ್ವೆಗೆ ಎಣ್ಣಿಳ್ಸಕ್ಕೆ ಬಂದಿದ್ದೀರೋ? ಲಾರಿ ಬತ್ತದೆ ಮಧ್ಯಾನುಕ್ಕೆ." ಆಮೇಲೆ ನನ್ನ ಕಡೆ ತಿರುಗಿದರು. "ಅಮ್ಮಿ, ಕ್ಯಾಮ್ರ ಇಟ್ಕಂಡು ಇವ್ರ ಮುಂದೆ ನಿಂತ್ಕಳಂಗಿದ್ರೆ ನನ್ ಒಲ್ದೊಳಿಕ್ಕೆ ಬರ್ಬ್ಯಾಡ."

ಆ ದಿನ ಹಾಳಾಯಿತು. ಸುದ್ದಿ ಗುಂಡ್ಲುಪೇಟೆಗೆ ನನಗಿಂತ ಮೊದಲೇ ಹೋಗಿತ್ತು. ಮಾವ ಫೋನು ಮಾಡಿದರು. "ಆಷಾಡದಲ್ಲಿ ಮದ್ವೆ ಇಲ್ಲ, ಭಾನುವಾರ ಬಿಡುವಾಗಿದ್ದೀನಿ. ದೊಡ್ ಕ್ಯಾಮ್ರ ತಕ್ಕಂಡು ಬತ್ತೀನಿ, ಸಾಯಂಕಾಲಕ್ಕೆ ಮುಗ್ಸ್ಬುಡನ. ಯಾಕಮ್ಮಿ ಅಟ?"

ಹೂಂ ಎನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ಒಪ್ಪಿಸುವ ದಿನ ಹತ್ತಿರವಾಗುತ್ತಿತ್ತು. ಆದರೆ ಮೂರು ವರ್ಷ ಎರಡೆರಡು ಬಸ್ಸು ಹತ್ತಿಳಿದದ್ದು ಇನ್ನೊಬ್ಬರ ಕೆಲಸಕ್ಕೆ ನನ್ನ ಹೆಸರು ಹಚ್ಚುವುದಕ್ಕಾ? "ಬೇಡ ಮಾವ. ಒಂದು ಮಾತು ಮಾತ್ರ ಹೇಳಿಕೊಡಿ. ಮೋಡ ಬಂದು ಹೋಗಿ ಮಾಡಿದಾಗ ಚಿತ್ರ ಒಂದ್ಸಲ ಕಪ್ಪು ಒಂದ್ಸಲ ಬಿಳಿ ಆಗ್ತದಲ್ಲ, ಅದಕ್ಕೇನು ಮಾಡೋದು?" ಅಂದೆ. ಬೈದುಕೊಂಡೇ ಹೇಳಿಕೊಟ್ಟರು: ಫೋನಿನ ಮೇಲೆ ಬೆರಳು ಒತ್ತಿ ಹಿಡಿದು ಬೆಳಕನ್ನು ಒಂದೇ ಕಡೆ ಬೀಗ ಹಾಕಿಬಿಡು, ಬಿಸಿಲು ನಿನ್ನ ಬೆನ್ನಿಗಿರಲಿ. ಆ ವಿದ್ಯೆಗೆ ನಾನು ಇವತ್ತಿಗೂ ಅವರಿಗೆ ಋಣಿ.

ಮಾರನೆಯ ದಿನ ಯಜಮಾನರ ಮನೆಗೇ ಹೋದೆ. "ನಾನು ಕ್ಯಾಮೆರಾ ಹಿಡಿದು ಅವರ ಮುಂದೆಯೂ ನಿಲ್ಲೋದಿಲ್ಲ, ಹಿಂದೆಯೂ ನಿಲ್ಲೋದಿಲ್ಲ. ಅದನ್ನು ಬದುವಲ್ಲಿ ನಿಲ್ಲಿಸಿ ನಾನೂ ಹೂವ ಕೀಳ್ತೀನಿ. ಕೂಲಿ ಬೇಡ," ಅಂದೆ.

ಅವರು ಮೀಸೆ ಸವರಿಕೊಂಡರು. "ಕೂಲಿ ಬ್ಯಾಡ್ವಾ? ಅಂಗಾರೆ ನಾಕು ಕ್ಯಾಮ್ರ ತಕ್ಕಂಡ್ ಬಾ."

ಅಪ್ಪನ ಅಂಗಿ ಹಾಕಿಕೊಂಡು ಹೊಲಕ್ಕೆ ಇಳಿದೆ. ಟ್ರೈಪಾಡಿನ ಕಾಲ ನಡುವೆ ಕಲ್ಲು ತುಂಬಿದ ಚೀಲ ತೂಗುಹಾಕಿದೆ, ಆಷಾಢದ ಗಾಳಿ ಅದನ್ನು ಏನೂ ಮಾಡಲಾಗಲಿಲ್ಲ. ಗಾಳಿ ಸದ್ದು ತಾಗದಂತೆ ಮೈಕಿನ ತುದಿಗೆ ಕುರಿ ಉಣ್ಣೆಯ ಒಂದು ಸಣ್ಣ ಉಂಡೆ ಸುತ್ತಿ, ಅವ್ವನ ಅಂಗಿಯ ಕಾಲರಿನ ಒಳಮಗ್ಗುಲಿಗೆ ಸಿಕ್ಕಿಸಿದೆ. ಒಡೆದ ಫೋನು ಜೇಬಿಗೆ. ಚಪ್ಪಾಳೆ ತಟ್ಟಿದೆ.

"ಭಜನೆನಾ?" ಅಂದಳು ದೊಡ್ಡಮ್ಮ.

"ಸಿನಿಮಾದಲ್ಲಿ ಹಂಗೇ ಕಣ್ ದೊಡ್ಡಮ್ಮ."

"ಅಂಗಾರೆ ಎಲ್ರೂ ತಟ್ರಮ್ಮಿ!" ಎಲ್ಲರೂ ತಟ್ಟಿದರು. ಆಮೇಲೆ ದಿನಾ ಕೆಲಸ ಶುರುವಾಗುತ್ತಿದ್ದದ್ದೇ ಹಾಗೆ.

ಮೊದಲೆರಡು ದಿನ ಬಗ್ಗಿದವರು ಕಳ್ಳಗಣ್ಣಲ್ಲಿ ಬದುವಿನ ಕಡೆ ನೋಡುತ್ತಿದ್ದರು. ಆದರೆ ಅಲ್ಲಿ ಯಾರೂ ಇಲ್ಲ. ಇತ್ತ ನೋಡಿ, ನಗಿ ಅನ್ನುವವರಿಲ್ಲ. ಹೆಗಲ ಮೇಲೆ ಕ್ಯಾಮೆರಾ ಹೊತ್ತ ಮನುಷ್ಯನ ಮುಂದೆ ನಾಚಿಕೆ ಬರುತ್ತದೆ, ಮೂರು ಕಾಲಿನ ಕಡ್ಡಿಯ ಮುಂದೆ ಎಷ್ಟೊತ್ತು ನಾಚುವುದು? ಸಾಲಿನಲ್ಲಿ ನಾನೂ ಬಗ್ಗಿದ್ದೇನೆ, ನನ್ನ ಬೆರಳೂ ಕಪ್ಪಾಗಿದೆ, ನಿಧಾನಕ್ಕೆ ಕೀಳುತ್ತೇನೆಂದು ಬೈಸಿಕೊಳ್ಳುತ್ತಿದ್ದೇನೆ. ಕ್ಯಾಮೆರಾವನ್ನು ಅವರು ಮರೆತೇಬಿಟ್ಟರು. ಮಾವನ ದೊಡ್ಡ ಕ್ಯಾಮೆರಾ ಬಂದಿದ್ದರೆ ಇದು ಆಗುತ್ತಲೇ ಇರಲಿಲ್ಲ. ಅದರ ಹಿಂದೆ ಯಾವಾಗಲೂ ಒಬ್ಬ ಆಳು ನಿಂತಿರಬೇಕು.

ಮರೆತ ಮೇಲೆ ಬಾಯಿ ಬಿಚ್ಚಿತು.

"ಈ ಊವ ದೇವ್ರುಗಲ್ಲ, ಮುಡಿಯಕಲ್ಲ," ಎಂದು ದೊಡ್ಡಮ್ಮ ಶುರುಮಾಡಿದಳು. "ಪುಡಿ ಮಾಡಿ ಕೋಳಿಗೆ ತಿನ್ನುಸ್ತಾರಂತೆ. ಮೊಟ್ಟೆ ಒಳ್ಗೆ ಚೆಂದಾಗಿ ಅಳ್ದಿ ಬರ್ಲಿ ಅಂತ."

"ಅಂಗಾರೆ ನಾವು ಬಿಸ್ಲಲ್ಲಿ ಬೇಯೋದು ಕೋಳಿ ಸೇವ್ಗಾ?" ಅಂದಳು ಪಕ್ಕದ ಸಾಲಿನವಳು.

ಅವ್ವ ತಲೆ ಎತ್ತಲಿಲ್ಲ. "ನಮ್ಮನೆ ಕೋಳಿಗೆ ಯಾರೂ ಊವ ತಿನ್ನುಸ್ನಿಲ್ಲ. ಅದ್ರ ಮೊಟ್ಟೆ ಅಳ್ದಿ ಇಲ್ವಾ? ದುಡ್ಡಿರೋರ್ ಮನೆ ಕೋಳಿಗೂ ಅಲಂಕಾರ ಜಾಸ್ತಿ."

ಒಂದು ದಿನ ರಸ್ತೆಯಲ್ಲಿ ಕೇರಳದ ಕಾರು ನಿಂತಿತು. ಹುಡುಗಿಯರು ಫೋಟೊ ತೆಗೆಸಿಕೊಳ್ಳಲು ಹೊಲಕ್ಕೆ ನುಗ್ಗಿದರು. "ಮೋಳೇ, ಗಿಡ ಚವಿಟ್ಟಲ್ಲೇ!" ಎಂದು, ಗಿಡ ತುಳೀಬೇಡ ಅನ್ನುವುದನ್ನು ದೊಡ್ಡಮ್ಮ ಅವರ ಮಲಯಾಳದಲ್ಲೇ ಕೂಗಿ, ನಮ್ಮ ಭಾಷೆಯಲ್ಲಿ ಉಳಿದದ್ದು ಬೈದಳು. ಅವರು ಹೋದ ಮೇಲೆ ಅವಳ ಬಾಯಿ ನನ್ನ ಮೇಲೆ ಬಂತು, ಕೇಳಿದ್ದು ಮಾತ್ರ ಅವ್ವನನ್ನು. "ಅಲ್ಲ ಕಣಮ್ಮಿ, ನಿನ್ ಮಗ್ಳು ಇಷ್ಟು ಓದ್ಬುಟ್ಟು ನಮ್ ಜೊತೆ ಊವ ಕೀಳ್ತಾವ್ಳಲ್ಲಾ, ಇದ್ಯಾವ ಓದು?"

ನಾನು ಸಾಲಿನ ಆ ತುದಿಯಲ್ಲಿದ್ದೆ, ನನಗೆ ಆಗ ಅವ್ವನ ಉತ್ತರ ಕೇಳಿಸಲಿಲ್ಲ. ಕೇಳಿಸಿದ್ದು ಮನೆಗೆ ಬಂದು ಇಯರ್‌ಫೋನ್ ಹಾಕಿಕೊಂಡಾಗ. ಹೂವಿನ ತೊಟ್ಟು ಮುರಿಯುವ ಚಟ್ ಚಟ್ ಸದ್ದು, ಅದರ ನಡುವೆ ಅವ್ವ, ನನ್ನ ಕಿವಿಯ ಪಕ್ಕದಲ್ಲೇ ಕೂತಂತೆ:

"ಓದ್ಲಿ ಬುಡಕ್ಕ. ನನ್ನೂ ಕಳ್ಸಿದ್ರೆ ನಾನೂ ಓದ್ತಿದ್ದೆ. ಸ್ಕೂಲ್ ಮುಂದ್ಲಿಂದ್ಲೇ ದನ ಒಡ್ಕಂಡು ಓಗ್ತಿದ್ದೆ, ಒಳ್ಗೆ ಮಗ್ಗಿ ಏಳೋರು, ನಂಗೆ ಆಚೆಯಿಂದ್ಲೇ ಬಾಯಿಗೆ ಬಂದ್ಬುಟ್ಟಿತ್ತು. ನಮ್ಮಪ್ಪ ತಮ್ಮನ್ನ ಕಳ್ಸ್ದ. ಅಂವ ಎಂಟ್ನೇ ಕ್ಲಾಸಲ್ಲಿ ಓಡೋಗಿ ಫೋಟ ಅಂಗ್ಡಿ ಸೇರ್ಕಂಡ!" ಆಮೇಲೆ ಎಲ್ಲರ ನಗು. ಆಮೇಲೆ ಮತ್ತೆ ಚಟ್ ಚಟ್.

ಅವ್ವನಿಗೆ ಮಗ್ಗಿ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಗಾಳಿ ಒಂದು ಅಕ್ಷರವನ್ನೂ ನುಂಗಿರಲಿಲ್ಲ. ಅವಳಿಗೂ ಕೇಳಿಸಿ, "ಇದನ್ನು ಚಿತ್ರದಲ್ಲಿ ಇಡಲಾ?" ಎಂದು ಕೇಳಿದೆ. ಇಯರ್‌ಫೋನ್ ಕಿವಿಯಿಂದ ತೆಗೆದು ನನ್ನ ಕೈಗಿಟ್ಟಳು. "ಸುಳ್ಳಾ ಅದು? ಇರ್ಲಿ ಬುಡು."

ಕಾಲೇಜಿನ ಲ್ಯಾಬಿನ ಕಂಪ್ಯೂಟರಿನಲ್ಲಿ, ಪುಕ್ಕಟೆ ಸಿಗುವ ಸಾಫ್ಟ್‌ವೇರಿನಲ್ಲಿ, ಚಪ್ಪಾಳೆಗೆ ಚಪ್ಪಾಳೆ ಹೊಂದಿಸಿ ಕತ್ತರಿಸಿ ಜೋಡಿಸಿದೆ. ಹೇಳಿದ ದಿನಕ್ಕೆ ಒಪ್ಪಿಸಿದೆ.

ಪರೀಕ್ಷೆ ಎಂದರೆ ಎಲ್ಲರ ಎದುರು ಚಿತ್ರ ತೋರಿಸುವುದು. ಚಿತ್ರದಲ್ಲಿ ಇರುವ ಜನರೂ ಬಂದು ನೋಡಬೇಕು ಎಂದು ನಮ್ಮ ಮೇಷ್ಟ್ರು ಹಟ ಹಿಡಿದಿದ್ದರು. ಅವ್ವ ಬಂದಳು, ದೊಡ್ಡಮ್ಮ ಬಂದಳು, ಕರೆಯದಿದ್ದರೂ ಮಾವ ಬಂದರು. ಕಿಟಕಿಗೆಲ್ಲ ಜಮಖಾನ ಕಟ್ಟಿ ಕತ್ತಲು ಮಾಡಿದ್ದರು. ನನಗಿಂತ ಮೊದಲು ಗೋಪಾಲಸ್ವಾಮಿ ಬೆಟ್ಟದ ಮೇಲೆ ತೆಗೆದ ಒಂದು ಚಿತ್ರ. ಮಂಜು ಎಷ್ಟು ಚೆನ್ನಾಗಿ ಬಂದಿತ್ತೆಂದರೆ ನನಗೆ ನನ್ನ ಫೋನಿನ ಬಗ್ಗೆ ನಾಚಿಕೆಯಾಯಿತು. ಆದರೆ ಮಾತಾಡುವವರ ಒಂದು ಮಾತೂ ಕೇಳಿಸಲಿಲ್ಲ, ಬರೀ ಗಾಳಿ.

ನನ್ನದು ಶುರುವಾಯಿತು. ಮೊದಲು ಸದ್ದು ಬಂತು, ಚಟ್ ಚಟ್. ಕೋಳಿ ಅಲಂಕಾರದ ಮಾತಿಗೆ ಹಿಂದಿನ ಬೆಂಚಿನಿಂದ ನಗು ಹೊರಟಿತು. ಮಗ್ಗಿಯ ಮಾತಿಗೆ ಮುಂದಿನ ಬೆಂಚಿನವರು ಹಿಂದಕ್ಕೆ ತಿರುಗಿ ಅವ್ವನನ್ನು ನೋಡಿದರು. ಫೋಟೊ ಅಂಗಡಿಯ ಮಾತು ಬಂದಾಗ ದೊಡ್ಡಮ್ಮ ಮಾವನ ಕಡೆ ಕೈ ತೋರಿಸಿ, "ಇವ್ರೇ ಕಣ್ರಪ್ಪೋ!" ಅಂದುಬಿಟ್ಟಳು. ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು.

ಹೊರಗಿನಿಂದ ಬಂದ ಪರೀಕ್ಷಕರು ಕೇಳಿದರು, "ಕ್ಯಾಮೆರಾ ಹಿಡಿದದ್ದು ಯಾರು? ಇವರು ಒಂದು ಸಲವೂ ಕ್ಯಾಮೆರಾ ನೋಡೋದಿಲ್ಲವಲ್ಲ."

"ಯಾರೂ ಹಿಡಿದಿಲ್ಲ ಸರ್. ನಾನು ಚಿತ್ರದೊಳಗೇ ಇದ್ದೀನಿ. ಎಡಗಡೆಯಿಂದ ಮೂರನೆಯವಳು."

ಅವರು ಚಿತ್ರವನ್ನು ಹಿಂದಕ್ಕೆ ತಿರುಗಿಸಿ ನೋಡಿದರು. ಅಪ್ಪನ ಅಂಗಿ, ತಲೆಗೆ ಟವೆಲು, ಬಗ್ಗಿದ ನಾನು. "ಮತ್ತೆ ಈ ದನಿ?" ಅಂದರು. ಚೀಲದಿಂದ ಮೈಕು ತೆಗೆದು ಮೇಜಿನ ಮೇಲಿಟ್ಟೆ, ಉಣ್ಣೆಯ ಸಮೇತ. ಕೈಗೆತ್ತಿಕೊಂಡು ನೋಡಿ, ಪಕ್ಕದಲ್ಲಿದ್ದ ಮೇಷ್ಟ್ರಿಗೆ ಕೊಟ್ಟರು. ಅದು ಕೈಯಿಂದ ಕೈಗೆ ಹೋಗುತ್ತ ಕಡೆಯ ಬೆಂಚಿನವರೆಗೆ ಹೋಯಿತು.

ಪಾಸಾದೆ. ಬರೀ ಪಾಸಲ್ಲ, ತರಗತಿಗೇ ಮೊದಲು.

ಹೊರಗೆ ಬೇವಿನ ಮರದ ಕೆಳಗೆ ಮಾವ ಅವ್ವನನ್ನು ಹಿಡಿದುಕೊಂಡಿದ್ದರು. "ಎಂಟಲ್ಲ ಕಣಕ್ಕ, ಒಂಬತ್ನೇ ಕ್ಲಾಸು. ಎಲ್ಲಾರ್ ಮುಂದೆ ತಪ್ಪು ಏಳ್ಬುಟ್ಟೆ."

"ಒಂಬತ್ತು ಪಾಸ್ ಮಾಡಿದ್ಯೇನ್ಲಾ?"

"ಇಲ್ಲ."

"ಮತ್ತೆ ಎಂಟೇಯ!"

ಮಾವ ನನ್ನ ತಲೆ ಮೇಲೆ ಕೈಯಿಟ್ಟರು. ಬಸ್ ಸ್ಟ್ಯಾಂಡಿನವರೆಗೂ ಸಿಕ್ಕಿದ ಪರಿಚಯದವರಿಗೆಲ್ಲ, "ನಮ್ಮಕ್ಕನ್ ಮಗ್ಳು. ಫೋನಲ್ಲೇ ತೆಗ್ದಿರೋದು," ಎಂದು ತಾವೇ ಹೇಳಿಕೊಟ್ಟವರಂತೆ ಹೇಳುತ್ತ ಬಂದರು. ನಾನು ಬೇಡ ಅನ್ನಲಿಲ್ಲ.

ಪದವಿ ಕೊಡುವ ದಿನ ಅಪ್ಪ, ಅವ್ವ ಇಬ್ಬರೂ ಬಂದರು. ಹೆಸರು ಕೂಗಿದರು. ಪ್ರಿನ್ಸಿಪಾಲರು ಕೈ ಕುಲುಕಿ ಪ್ರಮಾಣಪತ್ರ ಕೊಟ್ಟರು. ಫೋಟೊದವರು ಇತ್ತ ನೋಡಿ ಅಂದರೂ ನಾನು ನೋಡಲಿಲ್ಲ, ಸೀದಾ ವೇದಿಕೆ ಇಳಿದು ಸಾಲುಗಳ ನಡುವೆ ನಡೆದು ಅವ್ವನ ಕೈಗೆ ಕೊಟ್ಟೆ. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು, ಮುದ್ರೆಯ ಮೇಲೆ ಹೆಬ್ಬೆರಳು ಆಡಿಸಿ, ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದ್ಕಿಂತ ದೊಡ್ಡದು ಇನ್ನೊಂದು ಅದಾ ಅಮ್ಮಿ?"

"ಅದೆ ಅವ್ವ. ಇನ್ನೂ ಎರಡು ವರ್ಷ ಓದಬೇಕು."

ಅವ್ವ ಅಪ್ಪನ ಮುಖ ನೋಡಿದಳು. ಅಪ್ಪ ಬೇರೆ ಕಡೆ ನೋಡುತ್ತ ತಲೆಯಾಡಿಸಿದರು.

"ಓಗು, ಅದ್ನೂ ತಕ್ಕಂಡ್ ಬಾ," ಅಂದಳು ಅವ್ವ.